ಮೂರು ವರ್ಷ ಮನೆ ಮುದ್ದೆ, ಆಮೇಲೆ ತುಮಕೂರು

ಮಧುಗಿರಿ ಕಡೆ ಪಿಯುಸಿ ಫಲಿತಾಂಶ ಬಂದ ವಾರ ಯಾವ ಮನೆಯ ಜಗುಲಿಯಲ್ಲಿ ಕೂತರೂ ಒಂದು ಲೆಕ್ಕ ಕಿವಿಗೆ ಬೀಳುತ್ತದೆ. ‘ಮೂರ್ ವರ್ಸ ಇಲ್ಲೇ ಮನೇಲಿ ಉಂಡ್ಕಂಡು ಓದ್ಲಿ. ಆಮೇಲೆ ಎಂಎಗೋ ಬಿಎಡ್‌ಗೋ ತುಮಕೂರಿಗೆ ಕಳ್ಸಾನ.’ ಹೇಳುವವರು ಅಪ್ಪನೇ ಆಗಬೇಕೆಂದಿಲ್ಲ. ಎಷ್ಟೋ ಮನೆಗಳಲ್ಲಿ ಕೊನೆಯ ಮಾತು ಸೋದರಮಾವನದು. ಇಲ್ಲವೇ ಊರಿನಲ್ಲಿ ಮೊದಲು ಡಿಗ್ರಿ ಮುಗಿಸಿ ಈಗ ಬೆಂಗಳೂರಿನಲ್ಲಿರುವ ಯಾರೋ ಒಬ್ಬ ಅಣ್ಣನದು, ಅದೂ ಫೋನಿನಲ್ಲಿ. ಮಗುವಿಗೆ ಬಂದ ಅಂಕ ಆ ಲೆಕ್ಕದಲ್ಲಿ ಮೂರನೆಯದೋ ನಾಲ್ಕನೆಯದೋ ಬಾಬ್ತು. ಮೊದಲನೆಯದು ತುಮಕೂರಿನಲ್ಲಿ ರೂಮಿನ ಬಾಡಿಗೆ ಮತ್ತು ಅಡ್ವಾನ್ಸು, ಎರಡನೆಯದು ಮೆಸ್ಸಿನ ದುಡ್ಡು. ಹೊಲದ ರಾಗಿ ಮನೆಯಲ್ಲಿರುವಾಗ ಊಟಕ್ಕೆಂದು ನೋಟು ಎಣಿಸಿ ಕೊಡುವುದು ಈ ಸೀಮೆಯ ಜನಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಪೇಟೆಯವರಿಗೆ ಇದು ಬಡತನವಾಗಿ ಕಾಣಬಹುದು. ನನಗೆ ಕಾಣುವುದು ಒಕ್ಕಲುತನದ ಜಾಣತನ. ಮಳೆ ನಂಬುವ ಹಾಗಿಲ್ಲದ ವರ್ಷ ಇರುವ ಬೀಜವನ್ನೆಲ್ಲ ಒಂದೇ ಹದಕ್ಕೆ ಬಿತ್ತುವವರು ಯಾರು?

ಅಮೆರಿಕದಲ್ಲಿ ಈ ಲೆಕ್ಕಕ್ಕೆ ಒಂದು ಹೆಸರಿದೆ, ಸರ್ಕಾರಿ ವ್ಯವಸ್ಥೆಯೂ ಇದೆ. ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಶುಲ್ಕ ಕಟ್ಟಿ ಎರಡು ವರ್ಷ ಓದುತ್ತಾರೆ. ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಹೊತ್ತುಕೊಂಡು ಹೋಗಿ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲೇ ಇದನ್ನು ತನ್ನ ಉನ್ನತ ಶಿಕ್ಷಣದ ಯೋಜನೆಯೊಳಗೆ ಬರೆದಿಟ್ಟುಕೊಂಡಿತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೆಸರೂ ಇಲ್ಲ, ವ್ಯವಸ್ಥೆಯೂ ಇಲ್ಲ. ಜನ ಮಾತ್ರ ಹೆಚ್ಚುಕಡಿಮೆ ಅದನ್ನೇ ಮಾಡಿಕೊಂಡು ಬಂದಿದ್ದಾರೆ.

ನಾಲ್ಕು ತಾಲ್ಲೂಕು ಎಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಕಂದಾಯದ ಲೆಕ್ಕಕ್ಕೆ ಇವು ತುಮಕೂರು ಜಿಲ್ಲೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಚಿಕ್ಕೋಡಿ, ಶಿರಸಿಗಳಂತೆ ಮಧುಗಿರಿಯೂ ಬೇರೆ ಶೈಕ್ಷಣಿಕ ಜಿಲ್ಲೆಯಾಗಿ ಕಾಣಿಸಿಕೊಳ್ಳುತ್ತದೆ. ಕಂದಾಯ ಜಿಲ್ಲೆಯನ್ನೂ ಮಾಡಿ ಎಂಬ ಕೂಗು ಹಳೆಯದು, ಅದರ ತಂಟೆ ಇಲ್ಲಿ ಬೇಡ. 2002ರ ನಂಜುಂಡಪ್ಪ ವರದಿ ಪಾವಗಡ, ಮಧುಗಿರಿ, ಶಿರಾಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ಕಡ್ಲೆಕಾಯಿ, ರಾಗಿ, ಹುಣಸೆ, ಕುರಿ, ಆಳಕ್ಕೆ ಇಳಿಯುತ್ತಲೇ ಇರುವ ಬೋರ್‌ವೆಲ್ಲು: ಬದುಕು ಇಷ್ಟರ ಮೇಲೆ ನಿಂತಿದೆ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ನಾಲ್ಕೂ ತುಮಕೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಆ ವಿಶ್ವವಿದ್ಯಾಲಯ ಹುಟ್ಟಿದ್ದು 2004ರಲ್ಲಿ. ಅದಕ್ಕೆ ಮುಂಚೆ ನಮ್ಮ ಅಂಕಪಟ್ಟಿಗಳ ಮೇಲೆ ಇರುತ್ತಿದ್ದದ್ದು ಬೆಂಗಳೂರು ವಿಶ್ವವಿದ್ಯಾಲಯದ ಮುದ್ರೆ.

ನನ್ನ ಅಂಕಪಟ್ಟಿಯ ಮೇಲಿರುವುದೂ ಅದೇ. ನಾನು ಡಿಗ್ರಿ ಓದಿದ್ದು ಈ ನಾಲ್ಕು ಊರುಗಳಲ್ಲೊಂದರಲ್ಲಿ. ಯಾವುದೆಂದು ಹೇಳುವುದಿಲ್ಲ. ಈಗ ಹೇಳಲಿರುವ ಗುಮಾಸ್ತರು ನಿವೃತ್ತರಾಗಿ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಾ ನೆಮ್ಮದಿಯಾಗಿದ್ದಾರೆ. ಆ ನೆಮ್ಮದಿ ಕೆಡಿಸುವ ಇರಾದೆ ನನಗಿಲ್ಲ.

ಕೊನೆಯ ವರ್ಷದ ಫಲಿತಾಂಶ ಬಂದಿತ್ತು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಎಂಎ ಸೀಟು ಸಿಕ್ಕಿತ್ತು. ಸೇರಲು ಐದು ದಿನ ಗಡುವು, ಬೇಕಾಗಿದ್ದದ್ದು ಟಿಸಿ. ಟಿಸಿ ಬೇಕಾದರೆ ಮೊದಲು ನೋ ಡ್ಯೂ ಹಾಳೆಗೆ ಎಲ್ಲರ ಸಹಿ ಆಗಬೇಕು. ನಾನು ಮೂರು ವರ್ಷದಲ್ಲಿ ಒಂದು ದಿನವೂ ಮೈದಾನಕ್ಕೆ ಇಳಿದವನಲ್ಲ. ಆದರೂ ನನ್ನಿಂದ ವಾಲಿಬಾಲ್ ಬಾಕಿ ಇಲ್ಲವೆಂದು ದೈಹಿಕ ಶಿಕ್ಷಣದ ಮೇಷ್ಟರು ಬರೆದುಕೊಡಬೇಕಿತ್ತು. ಅವರು ಹುಡುಗರನ್ನು ಕರೆದುಕೊಂಡು ಪಂದ್ಯಕ್ಕೆ ಹೋಗಿದ್ದರು. ಲೈಬ್ರರಿಯಲ್ಲಿ ನನ್ನ ಹೆಸರಿಗೆ ಒಂದು ಪುಸ್ತಕ ನಿಂತಿತ್ತು. ಅದನ್ನು ಗೆಳೆಯನಿಗೆ ಕೊಟ್ಟಿದ್ದೆ, ಅವನು ಅಷ್ಟರಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಿ ಟ್ರೈನಿಂಗಿಗೆ ಹೋಗಿಬಿಟ್ಟಿದ್ದ. ದಂಡ ಕಟ್ಟಿದೆ. ಮೂರನೆಯ ದಿನ ಎಲ್ಲ ಸಹಿ ಮುಗಿಸಿ ಕಿಟಕಿಯ ಮುಂದೆ ನಿಂತರೆ ಗುಮಾಸ್ತರು ತಲೆಯೆತ್ತದೆ ಹೇಳಿದರು: ‘ಟಿಸಿ ಬುಕ್ಕು ಮುಗ್ದೈತೆ. ಹೊಸ ಬುಕ್ಕು ಬರ್ಬೇಕು. ಸೋಮವಾರ ಬಾ.’

ಗಡುವು ಶನಿವಾರಕ್ಕಿತ್ತು.

ಪ್ರಿನ್ಸಿಪಾಲರು ಒಳ್ಳೆಯವರು. ಕಾಲೇಜಿನ ಹಾಳೆಯ ಮೇಲೆ ನಾಲ್ಕು ಸಾಲು ಬರೆದು, ಸೀಲು ಒತ್ತಿ, ‘ಇದನ್ನ ತೋರ್ಸು, ಒಂದು ವಾರ ಟೈಮ್ ಕೇಳು’ ಎಂದರು. ಕೇಳಿದೆ, ಕೊಟ್ಟರು. ನನ್ನ ಜೊತೆಗೇ ಸೀಟು ಸಿಕ್ಕಿದ್ದ ಇನ್ನೊಬ್ಬನಿಗೆ ಹೀಗೆ ಕೇಳಬಹುದೆಂದೇ ಹೊಳೆಯಲಿಲ್ಲ. ಅವನು ಸೋಮವಾರ ಬಂದು, ಟಿಸಿ ತೆಗೆದುಕೊಂಡು, ಮನೆಗೆ ಹೋದ. ಅವನೀಗ ಚೆನ್ನಾಗಿಯೇ ಇದ್ದಾನೆ, ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಸಿಕ್ಕಾಗಲೆಲ್ಲ ಆ ಸೋಮವಾರದ ಮಾತು ತೆಗೆಯುತ್ತಾನೆ, ನಗುತ್ತಲೇ.

ಟಿಸಿ ಎಂದರೆ ವರ್ಗಾವಣೆ ಪತ್ರ. ಒಂದು ಕಡೆ ಓದಿ ಇನ್ನೊಂದು ಕಡೆಗೆ ದಾಟುವ ವಿಚಾರದಲ್ಲಿ ನಮ್ಮ ಕಾಲೇಜುಗಳಿಗೂ ‘ವರ್ಗಾವಣೆ’ ಎಂಬ ಪದಕ್ಕೂ ಇರುವ ಸಂಬಂಧ ಆ ಒಂದು ಕಾಗದದ್ದು ಮಾತ್ರ.

ಹಿಂದೆ ಹೀಗಿರಲಿಲ್ಲ ಎಂಬುದು ತಮಾಷೆಯ ಸಂಗತಿ. ಇವತ್ತಿಗೂ ನಮ್ಮ ಊರುಗಳಲ್ಲಿ ಪಿಯು ಕಾಲೇಜನ್ನು ‘ಜೂನಿಯರ್ ಕಾಲೇಜು’ ಎನ್ನುತ್ತಾರೆ. ಸಭೆ, ಗಣರಾಜ್ಯೋತ್ಸವ, ಕ್ರಿಕೆಟ್ ಟೂರ್ನಮೆಂಟು, ಏನೇ ಇದ್ದರೂ ‘ಜೂನಿಯರ್ ಕಾಲೇಜ್ ಫೀಲ್ಡಿನಲ್ಲಿ’. ಈ ಹೆಸರು ಎಲ್ಲಿಂದ ಬಂತೆಂದು ಯಾರೂ ಕೇಳಿದ್ದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಒಂದು ಹೈಸ್ಕೂಲಿನೊಳಗೇ ಜೂನಿಯರ್ ಕಾಲೇಜು ಶುರುವಾಯಿತು. ಪಕ್ಕದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಅದರ ಹಿಂದಿದ್ದವನು. ಹುಡುಗರು ಮೊದಲೆರಡು ವರ್ಷದ ಪಾಠ ಮನೆಯ ಬಳಿಯೇ ಮುಗಿಸಿಕೊಂಡು ಬರಲಿ, ಮುಂದಿನದನ್ನು ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ ಎಂಬುದು ಅವನ ಯೋಚನೆ. ಈಗಿನ ಕಮ್ಯುನಿಟಿ ಕಾಲೇಜುಗಳೆಲ್ಲ ಆ ಬೇರಿನ ಚಿಗುರುಗಳೇ.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಇಂಟರ್‌ಮೀಡಿಯೆಟ್. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆದಾಗ ಡಿಗ್ರಿ ಎಂದರೆ ಮೈಸೂರಿನ ಮಹಾರಾಜ ಕಾಲೇಜು ಇಲ್ಲವೇ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಜಿಲ್ಲಾ ಕೇಂದ್ರಗಳಿಗೆ ಆಮೇಲೆ ಇಂಟರ್‌ಮೀಡಿಯೆಟ್ ಕಾಲೇಜುಗಳು ಬಂದವು. ತುಮಕೂರಿಗೆ ಬಂದದ್ದು 1940ರ ದಶಕದಲ್ಲಿ. ಮಧುಗಿರಿಯ ಹುಡುಗ ಎರಡು ವರ್ಷ ತುಮಕೂರಿನಲ್ಲಿ ಓದಿ, ಪಾಸಾಗಿ, ಬಿಎಗೆ ಬೆಂಗಳೂರಿನ ರೈಲು ಹತ್ತುತ್ತಿದ್ದ. ಆ ಎರಡು ವರ್ಷವೂ ವಿಶ್ವವಿದ್ಯಾಲಯದ್ದೇ, ಆ ಪರೀಕ್ಷೆಯೂ ವಿಶ್ವವಿದ್ಯಾಲಯದ್ದೇ. ಪಾಠ ಎಲ್ಲಿ ನಿಂತಿತ್ತೋ ಮುಂದಿನ ಊರಿನಲ್ಲಿ ಅಲ್ಲಿಂದಲೇ ಶುರು. ಮುಂದೆ ಇಂಟರ್‌ಮೀಡಿಯೆಟ್ ಹೋಗಿ ಒಂದು ವರ್ಷದ ಪಿಯುಸಿ ಬಂತು. ಕೊಠಾರಿ ಆಯೋಗದ ನಂತರದ ದಿನಗಳಲ್ಲಿ ಅದು ಎರಡು ವರ್ಷದ್ದಾಗಿ, ವಿಶ್ವವಿದ್ಯಾಲಯದ ಕೈಬಿಟ್ಟು ಬೇರೆ ಮಂಡಳಿಯ ಪಾಲಾಯಿತು. ಜೂನಿಯರ್ ಕಾಲೇಜಿನ ಹೆಸರು ಉಳಿಯಿತು, ಸೀನಿಯರ್ ಕಾಲೇಜಿಗೆ ಕಟ್ಟಿದ್ದ ಹಗ್ಗ ಕಳಚಿತು.

ಈಗ ಆ ಕೆಲಸ ಸದ್ದಿಲ್ಲದೆ ತಾಲ್ಲೂಕಿನ ಡಿಗ್ರಿ ಕಾಲೇಜಿನ ಹೆಗಲಿಗೆ ಬಿದ್ದಿದೆ. ಎರಡು ವರ್ಷದ ಬದಲು ಮೂರು. ಬಿಎ, ಬಿಕಾಂ ಇಲ್ಲೇ. ಎಂಎ, ಎಂಕಾಂ, ಬಿಎಡ್ ಅಲ್ಲಿ. ಮನೆಯವರ ಲೆಕ್ಕದಲ್ಲಿ ಇದು ಐದು ವರ್ಷದ ಒಂದೇ ಓದು, ನಡುವೆ ಬಸ್ಸು ಬದಲಿಸಿದ ಹಾಗೆ. ಕಾಲೇಜಿನ ಲೆಕ್ಕದಲ್ಲಿ ಆರನೇ ಸೆಮಿಸ್ಟರ್ ಮುಗಿದರೆ ಮುಗಿಯಿತು.

ಯಾವ ತಾಲ್ಲೂಕಿನ ಕಾಲೇಜು ಎಷ್ಟು ಮಕ್ಕಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಬಸ್ಸು. ಕೊರಟಗೆರೆಯಿಂದ ತುಮಕೂರಿಗೆ ಇಪ್ಪತ್ತೈದು, ಇಪ್ಪತ್ತಾರು ಕಿಲೋಮೀಟರ್. ಅಷ್ಟು ಹತ್ತಿರ ಜಿಲ್ಲಾ ಕೇಂದ್ರ ಇರುವುದು ಕಾಲೇಜಿನ ಪಾಲಿಗೆ ವರವೇನಲ್ಲ. ಸ್ವಲ್ಪ ಅಂಕ ಬಂದವರು ಪಿಯುಸಿಗೇ ತುಮಕೂರಿನ ಬಸ್ಸು ಹತ್ತಿರುತ್ತಾರೆ. ಸಿದ್ಧಗಂಗಾ ಮಠದಲ್ಲಿ ಉಚಿತ ಊಟ, ವಸತಿ ಸಿಕ್ಕಿ ಅಲ್ಲಿಯೇ ಓದಿದವರು ವಾಪಸು ಬರುವ ಮಾತೇ ಇಲ್ಲ. ಕೊರಟಗೆರೆಯ ಕಾಲೇಜಿಗೆ ಉಳಿಯುವುದು ಹೊಳವನಹಳ್ಳಿ, ತೋವಿನಕೆರೆ ಆಸುಪಾಸಿನ ಹಳ್ಳಿಗಳಿಂದ ಬರುವವರು. ಅವರಿಗೆ ಕೊರಟಗೆರೆ ತಲುಪುವುದೇ ಒಂದು ಬಸ್ಸು, ಅಲ್ಲಿಂದ ತುಮಕೂರು ಎರಡನೆಯದು. ಒಂದು ಬಸ್ಸಿನಲ್ಲಿ ಮುಗಿಯುವ ಓದು, ಎರಡು ಬಸ್ಸಿನ ಓದು ಎಂದು ಹೆಣ್ಣುಮಕ್ಕಳ ಮನೆಗಳಲ್ಲಿ ಭೇದವಿದೆ.

ಮಧುಗಿರಿಯಿಂದ ನಲವತ್ತು ದಾಟುತ್ತದೆ. ದಿನಾ ಓಡಾಡಬಹುದು, ಓಡಾಡಬಾರದು ಎಂದೂ ಅನಿಸುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಲೆಕ್ಕವೇ ಹೋಯಿತು. ಅಲ್ಲಿಯವರೆಗೆ ‘ಬಸ್ ಚಾರ್ಜ್ ಎಲ್ಲಿಂದ ತರಾದು’ ಎನ್ನುತ್ತಿದ್ದ ಮನೆಗಳಿಗೆ ಆ ಮಾತು ಆಡುವ ಹಾಗಿಲ್ಲ. ಆದರೂ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಸಂಜೆ ಏಳಕ್ಕೆ ಮರಳುವ ಹುಡುಗಿ ಓದುವುದು ಯಾವಾಗ? ಸೀಟು ಸಿಕ್ಕರೆ ಬಸ್ಸಿನಲ್ಲಿ. ಸಿಗುವುದು ಅಪರೂಪ. ದುಡ್ಡಿನ ದೂರವನ್ನು ಸರ್ಕಾರ ತೆಗೆಯಿತು, ಹೊತ್ತಿನ ದೂರ ಹಾಗೆಯೇ ಇದೆ. ಮನೆ ಹತ್ತಿರದ ಕಾಲೇಜಿನ ನಿಜವಾದ ಬಂಡವಾಳ ಈ ಹೊತ್ತು. ಅದನ್ನು ಮೂರು ವರ್ಷ ಸರಿಯಾಗಿ ಖರ್ಚು ಮಾಡಿದವರನ್ನು ನಾನು ನೋಡಿದ್ದೇನೆ. ಮೊಬೈಲಿಗೆ ಸುರಿದವರನ್ನೂ ನೋಡಿದ್ದೇನೆ, ಅವರೇ ಹೆಚ್ಚು.

ಶಿರಾದ ಕತೆ ಬೇರೆ. ಹೆದ್ದಾರಿ ಊರನ್ನು ಉಜ್ಜಿಕೊಂಡು ಹೋಗುತ್ತದೆ, ಬೆಂಗಳೂರಿಗೂ ಚಿತ್ರದುರ್ಗಕ್ಕೂ ಬಸ್ಸಿಗೆ ಬರವಿಲ್ಲ. ಎಕ್ಸ್‌ಪ್ರೆಸ್ ಕಂಡಕ್ಟರುಗಳು ‘ಊರೊಳಗೆ ಹೋಗಲ್ಲ, ಬೈಪಾಸು’ ಎಂದು ಇಳಿಸಿ ಹೋಗುವುದೊಂದು ಕಿರಿಕಿರಿ ಅಷ್ಟೆ. 1687ರ ನಂತರ ಮೊಗಲರ ಸುಬೆಯೊಂದರ ರಾಜಧಾನಿಯಾಗಿದ್ದ ಊರು ಇದು. ಈಗ ಅಲ್ಲಿನ ಹುಡುಗರು ಡಿಗ್ರಿ ಆದಮೇಲೆ ತುಮಕೂರು, ದಾವಣಗೆರೆ, ಬೆಂಗಳೂರು ಮೂರನ್ನೂ ಅಳೆದು ನೋಡುತ್ತಾರೆ. ದಾವಣಗೆರೆಗೂ 2009ರಲ್ಲಿ ವಿಶ್ವವಿದ್ಯಾಲಯ ಬಂತಲ್ಲ. ಆಯ್ಕೆ ಇರುವ ಕಡೆ ತಪ್ಪು ಆಯ್ಕೆಯೂ ಇರುತ್ತದೆ, ಅದು ಶಿರಾದವರ ಪಾಡು.

ಪಾವಗಡಕ್ಕೆ ಬಂದರೆ ಮಾತು ನಿಧಾನವಾಗಬೇಕು. ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಸುತ್ತ ಬಹುಪಾಲು ಆಂಧ್ರ. ಮಧುಗಿರಿ ಬಿಟ್ಟು ಮಿಡಿಗೇಶಿ ದಾಟಿದ ಬಸ್ಸು ಪಾವಗಡ ಮುಟ್ಟುವ ಮೊದಲು ನೆರೆರಾಜ್ಯದ ನೆಲವನ್ನೂ ತುಳಿದು ಬರುತ್ತದೆ. 2020ರ ಲಾಕ್‌ಡೌನಿನಲ್ಲಿ ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ಇಲ್ಲಿನವರು ಪರರಾಜ್ಯದ ಗಡಿಯ ಚಿಂತೆ ಮಾಡಬೇಕಾಯಿತು. ರಾಯದುರ್ಗದಿಂದ ಪಾವಗಡ, ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ರೈಲು ಮಾರ್ಗ 2007-08ರಲ್ಲೇ ಮಂಜೂರಾಗಿತ್ತು. ಆ ವರ್ಷ ಹುಟ್ಟಿದ ಮಗು ಪಿಯುಸಿ ಮುಗಿಸಿತು, ತುಮಕೂರಿಗೆ ಹೊರಟರೆ ಹತ್ತುವುದು ಬಸ್ಸನ್ನೇ.

ಹಾಗಾಗಿ ಪಾವಗಡದ ಡಿಗ್ರಿ ಕಾಲೇಜಿಗೆ ಕೊರಟಗೆರೆಗೆ ಇಲ್ಲದ ತೂಕ ಇದೆ. ದಿನಾ ಓಡಾಡುವ ಮಾತೇ ಇಲ್ಲದ್ದರಿಂದ ಚೆನ್ನಾಗಿ ಓದುವ ಮಕ್ಕಳೂ ಊರಿನಲ್ಲೇ ಉಳಿಯುತ್ತಾರೆ. ಒಂದೇ ಬೆಂಚಿನಲ್ಲಿ ರ‍್ಯಾಂಕಿನ ಆಸೆಯ ಹುಡುಗಿ, ಹಾಜರಾತಿಗೆಂದು ಬಂದ ಹುಡುಗ ಇಬ್ಬರೂ ಕೂರುತ್ತಾರೆ. ಅಲ್ಲಿ ಪಾಠ ಮಾಡಿದವರು ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ವಾಣಿಜ್ಯದ ಪುಸ್ತಕ ಇಂಗ್ಲಿಷಿನದು. ಬಿಡುವಿನಲ್ಲಿ ‘ಏಮ್ರಾ’ ಎಂದು ಶುರುವಾದ ಮಾತು ಮೇಷ್ಟರು ಬಂದೊಡನೆ ‘ಸಾರ್, ಅದು’ ಎಂದು ಕನ್ನಡಕ್ಕೆ ಹೊರಳುವುದನ್ನು ಕೇಳುವುದೇ ಚೆಂದ.

ಆದರೆ ಇದೇ ಗಡಿ ಕೆಲವರಿಗೆ ಕಾಲುಕೊಕ್ಕೆ. ಅಜ್ಜಿ ಮನೆ ಮಡಕಶಿರಾದಲ್ಲೋ ಹಿಂದೂಪುರದಲ್ಲೋ ಇದ್ದು ಐದು ವರ್ಷ ಮೀರಿ ಅಲ್ಲಿ ಓದಿದ ಮಗುವಿಗೆ, ಆಗ ಯಾರೂ ಯೋಚಿಸದ ಒಂದು ನಿಯಮ ಆಮೇಲೆ ಎದುರಾಗುತ್ತದೆ. ಸಿಇಟಿಯಲ್ಲಿ ಸಾಮಾನ್ಯ ದಾರಿಯಲ್ಲಿ ಬರುವವರು ಒಂದರಿಂದ ಹನ್ನೆರಡರ ನಡುವೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಗಡಿನಾಡ ಕನ್ನಡಿಗರಿಗೆ ಬೇರೆ ಕಲಮು ಇದೆ, ಅದಕ್ಕೆ ಬೇರೆ ಕಾಗದ. ಏಳು ವರ್ಷ ಎಣಿಸಿ ನೋಡುವ ಹೊತ್ತಿಗೆ ಆರೂ ಮುಕ್ಕಾಲು ಎಂದಾದ ಮನೆಗಳ ಸಂಕಟ ಆ ಕಡೆಯವರಿಗೇ ಗೊತ್ತು.

ದಾಟುವುದಕ್ಕೆ ಇನ್ನೊಂದು ಕಾಲುದಾರಿಯಿದೆ. ಅಮೆರಿಕದ ಪದ್ಧತಿಗೆ ನಿಜವಾಗಿ ಹೋಲುವುದು ಅದೇ. ಎಸ್‌ಎಸ್‌ಎಲ್‌ಸಿ ಆದಮೇಲೆ ಪಿಯುಸಿ ವಿಜ್ಞಾನಕ್ಕೆ ಹೆದರಿದವರು, ಇಲ್ಲವೇ ಬೇಗ ಕೆಲಸಕ್ಕೆ ಬರಲಿ ಎಂದು ಮನೆಯವರು ಬಯಸಿದವರು ಪಾಲಿಟೆಕ್ನಿಕ್ ಸೇರುತ್ತಾರೆ. ಮೂರು ವರ್ಷದ ಡಿಪ್ಲೊಮಾ. ಮುಗಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಮೊದಲ ವರ್ಷ ಬಿಟ್ಟು ನೇರ ಎರಡನೆಯ ವರ್ಷಕ್ಕೆ ಪ್ರವೇಶ. ಹಿಂದಿನ ಓದನ್ನು ಮುಂದಿನ ಕಾಲೇಜು ಎಣಿಸಿಕೊಳ್ಳುವುದು ನಮ್ಮಲ್ಲಿ ಇಷ್ಟು ಸ್ಪಷ್ಟವಾಗಿ ಇರುವುದು ಇದೊಂದರಲ್ಲೇ. ಪಾವಗಡದ ತಿರುಮಣಿ, ವಳ್ಳೂರು ಕಡೆ ಸೋಲಾರ್ ಪಾರ್ಕಿಗೆ ಭೂಮಿ ಗುತ್ತಿಗೆ ಕೊಟ್ಟ ಮನೆಗಳ ಕೆಲವರು ಎಲೆಕ್ಟ್ರಿಕಲ್ ಡಿಪ್ಲೊಮಾ ಹಿಡಿದದ್ದು ಹಾಗೆ. ಹದಿಮೂರು ಸಾವಿರ ಎಕರೆ, ಎರಡು ಸಾವಿರ ಮೆಗಾವಾಟ್‌ಗೂ ಮಿಗಿಲು. ಅಷ್ಟು ದೊಡ್ಡ ಪಾರ್ಕು ಊರಿಗೆ ಕೊಟ್ಟದ್ದು ಹೆಚ್ಚಾಗಿ ಹುಲ್ಲು ಕೀಳುವ, ಪ್ಯಾನೆಲ್ ತೊಳೆಯುವ, ಕಾವಲು ಕಾಯುವ ಕೆಲಸ. ಓದಿದ ಹುಡುಗ ಗೇಟಿನಲ್ಲಿ ಸಮವಸ್ತ್ರ ಹಾಕಿ ನಿಲ್ಲುವುದಕ್ಕಿಂತ ಬಿಇ ಮಾಡುವುದು ಲೇಸೆಂದು ಹೊರಡುತ್ತಾನೆ.

ಹೊರಟವನಿಗೆ ಎರಡನೆಯ ವರ್ಷದಲ್ಲಿ ಎದುರಾಗುವುದು ‘ಮ್ಯಾಟ್‌ಡಿಪ್’. ವಿಟಿಯುವಿನಲ್ಲಿ ಡಿಪ್ಲೊಮಾದಿಂದ ಬಂದವರಿಗೆಂದೇ ಇಟ್ಟ ಹೆಚ್ಚುವರಿ ಗಣಿತ. ಬಿಟ್ಟುಬಂದ ಮೊದಲ ವರ್ಷದ ಗಣಿತವನ್ನು ಅದರಲ್ಲಿ ತುಂಬಿಸುತ್ತಾರೆ. ಅದರ ಅಂಕ ಕ್ಲಾಸಿಗೆ ಲೆಕ್ಕವಿಲ್ಲ, ಪಾಸಾಗದೆ ಡಿಗ್ರಿಯೂ ಇಲ್ಲ. ಪಿಯುಸಿಯ ಕಲನಶಾಸ್ತ್ರ ನೋಡದೆ ಬಂದ ಹುಡುಗ ಕ್ಲಾಸಿನಲ್ಲಿ ಹೊಸದು, ಮ್ಯಾಟ್‌ಡಿಪ್‌ನಲ್ಲಿ ಹಳೆಯದು, ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ಕಲಿಯಬೇಕು. ಇಂಥ ಹುಡುಗನೊಬ್ಬ ನನಗೆ ಹೇಳಿದ್ದು: ‘ಅಣ್ಣ, ಲ್ಯಾಬಲ್ಲಿ ಎಲ್ರೂ ನನ್ನ ಕೇಳ್ಕಂಡು ಮಾಡೋರು. ಕ್ಲಾಸಲ್ಲಿ ನಾನು ಎಲ್ರನ್ನೂ ಕೇಳ್ಕಂಡು ಬರಿಯೋನು.’ ವೈರಿಂಗು, ಮೋಟಾರು, ಲೇತು ಇವನ ಕೈಗೆ ಗೊತ್ತು. ಪಿಯುಸಿಯಿಂದ ಬಂದವರಿಗೆ ಅದು ಪುಸ್ತಕದ ಚಿತ್ರ. ಇಂಥವರನ್ನು ಕಾಲೇಜುಗಳು ‘ಲ್ಯಾಟರಲ್’ ಎಂದು ಕರೆಯುವ ದನಿಯಲ್ಲೇ ಒಂದು ಉಪೇಕ್ಷೆ ಇರುತ್ತದೆ. ಅದು ನನಗೆ ಸೇರುವುದಿಲ್ಲ.

ಮರಳಿ ಡಿಗ್ರಿಗೆ. ಈ ಇಡೀ ಓಟದಲ್ಲಿ ಮಕ್ಕಳು ಎಡವುವುದು ಎಲ್ಲಿ ಎಂದು ಕೇಳಿದರೆ ಬಹಳ ಜನ ‘ಇಂಗ್ಲಿಷಿನಲ್ಲಿ’ ಎನ್ನುತ್ತಾರೆ. ನಾನು ಆರನೇ ಸೆಮಿಸ್ಟರಿನ ಕೊನೆಯ ಪರೀಕ್ಷೆಗೂ ಎಂಎಯ ಮೊದಲ ತರಗತಿಗೂ ನಡುವಿನ ತಿಂಗಳುಗಳನ್ನು ತೋರಿಸುತ್ತೇನೆ. ಆ ತಿಂಗಳುಗಳಲ್ಲಿ ಹುಡುಗ ಯಾವ ಕಾಲೇಜಿಗೂ ಸೇರಿದವನಲ್ಲ. ಕೊರಟಗೆರೆಯವನಾದರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಕಂಪನಿ ಬಸ್ಸು ಮನೆ ಮುಂದೆ ನಿಲ್ಲುತ್ತದೆ. ‘ರಿಸಲ್ಟ್ ಬರೋವರ್ಗೂ’ ಎಂದು ಹತ್ತಿದವನು ಇಳಿಯುವುದಿಲ್ಲ. ಇನ್ನೊಬ್ಬ ಎಫ್‌ಡಿಎ, ಪಿಡಿಒ ಕೋಚಿಂಗಿಗೆಂದು ಬೆಂಗಳೂರಿನ ವಿಜಯನಗರಕ್ಕೆ ಹೋಗಿ ರೂಮು ಹಿಡಿಯುತ್ತಾನೆ. ಹುಡುಗಿಯ ಮನೆಗೆ ಗಂಡು ನೋಡಲು ಬರುತ್ತಾರೆ. ಫಲಿತಾಂಶ ತಡವಾದಷ್ಟೂ ಬರುವ ಗಂಡುಗಳ ಸಂಖ್ಯೆ ಏರುತ್ತದೆ.

ಇದೇ ತಿಂಗಳುಗಳಲ್ಲಿ ಅರ್ಜಿ ಹಾಕಬೇಕು. ಯುಯುಸಿಎಂಎಸ್ ಎಂಬ ವಿಶ್ವವಿದ್ಯಾಲಯಗಳ ಜಾಲತಾಣ ತೆರೆದು ಅಂಕಪಟ್ಟಿ ಏರಿಸಬೇಕು. ಎಂಬಿಎ, ಎಂಸಿಎ ಆದರೆ ಪಿಜಿಸಿಇಟಿಯ ದಿನಾಂಕ ನೋಡಿಕೊಂಡಿರಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಬೇಕು, ಆದಾಯದ್ದು ಐದು ವರ್ಷಕ್ಕೆ ಹಳತಾಗುತ್ತದೆ. ಪಿಯುಸಿಗೆ ಮಾಡಿಸಿದ್ದು ಸರಿಯಾಗಿ ಡಿಗ್ರಿ ಮುಗಿಯುವ ಹೊತ್ತಿಗೆ ಅವಧಿ ಮೀರಿರುತ್ತದೆ. ನಾಡಕಚೇರಿಯಲ್ಲಿ ಸರ್ವರ್ ಬಿದ್ದಿರುತ್ತದೆ. ತುಮಕೂರು ವಿಶ್ವವಿದ್ಯಾಲಯದೊಳಗೇ ಮುಂದುವರಿದರೆ ಮೈಗ್ರೇಶನ್ ಬೇಡ, ಬೆಂಗಳೂರಿಗೆ ಹೋಗುವುದಾದರೆ ಬೇಕು. ಬೆಂಗಳೂರು ವಿಶ್ವವಿದ್ಯಾಲಯವೂ 2017ರಲ್ಲಿ ಮೂರಾಯಿತು. ಯಾವ ಕೋರ್ಸು ಯಾವುದರಲ್ಲಿ ಎಂದು ತಿಳಿದುಕೊಳ್ಳುವುದೇ ಒಂದು ಪತ್ತೇದಾರಿ. ಹಾಸ್ಟೆಲಿಗೆ ಬೇರೆ ಅರ್ಜಿ. ಹಿಂದುಳಿದ ವರ್ಗದವರಿಗೆ ಬಿಸಿಎಂ ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ವಿದ್ಯಾಸಿರಿ ಇದೆ: 2013-14ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಅದಕ್ಕೂ ಅರ್ಜಿ, ಅದಕ್ಕೂ ಕೊನೆಯ ದಿನ.

ಇದನ್ನೆಲ್ಲ ಮಗುವಿಗೆ ಹೇಳುವವರು ಯಾರು? ನಾನು ಕಂಡಂತೆ ಅತಿಥಿ ಉಪನ್ಯಾಸಕರು. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಮಿಕ್ಕ ಅತಿಥಿಗಳ ಬಲದಿಂದ. ತಾಲ್ಲೂಕು ಕಾಲೇಜಿನ ಅತಿಥಿ ಉಪನ್ಯಾಸಕ ಬಹುಪಾಲು ಅದೇ ಸೀಮೆಯವನು. ಇದೇ ದಾರಿಯಲ್ಲಿ ತುಮಕೂರಿಗೋ ಬೆಂಗಳೂರಿಗೋ ಹೋಗಿ ಎಂಎ ಮಾಡಿ ವಾಪಸು ಬಂದವನು. ಯಾವ ಕಿಟಕಿಯಲ್ಲಿ ಏನು ಕೇಳುತ್ತಾರೆ, ಯಾವ ಪಿಜಿಯಲ್ಲಿ ಅನ್ನ ತಿನ್ನುವ ಹಾಗಿರುತ್ತದೆ, ಯಾವ ವಿಭಾಗದಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದು, ಎಲ್ಲ ಅವನಿಗೆ ಗೊತ್ತು. ಅವನು ಮಾಡಿದ ವಾಟ್ಸ್‌ಆ್ಯಪ್ ಗುಂಪೇ ಮಕ್ಕಳ ಪಾಲಿನ ಮಾರ್ಗದರ್ಶನ ಕೇಂದ್ರ. ಆದರೆ ಅವನ ನೇಮಕ ತರಗತಿ ನಡೆಯುವ ತಿಂಗಳುಗಳಿಗೆ ಮಾತ್ರ. ಪಾಠ ಮುಗಿದೊಡನೆ ಬಿಡುಗಡೆ, ಗೌರವಧನವೂ ನಿಂತಿತು. ಮಕ್ಕಳಿಗೆ ಅವನು ಅತಿ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಅವನು ಕಾಲೇಜಿನವನಲ್ಲ. ಆಗಲೂ ಫೋನು ಎತ್ತುತ್ತಾನೆ, ಅದು ಅವನ ದೊಡ್ಡತನ. ಒಬ್ಬ ಮೇಷ್ಟ್ರಿಗೆ ಆ ಮೂರು ತಿಂಗಳ ಸಂಬಳ ಕೊಟ್ಟು ‘ದಾಟಿಸುವ ಕೆಲಸ ನಿನ್ನದು’ ಎಂದರೆ ಸರ್ಕಾರಕ್ಕೆ ತಗಲುವುದು ಕಾಲೇಜಿನ ಮುಂದೆ ಕಟ್ಟಿಸುವ ಒಂದು ಕಮಾನಿನ ಖರ್ಚಿಗಿಂತ ಕಡಿಮೆ ಎಂದು ನನ್ನ ಅಂದಾಜು.

ಮೇಲಿನಿಂದ ಬರುವ ಬದಲಾವಣೆಗಳಿಗೇನೂ ಕೊರತೆಯಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ್ದು ಕರ್ನಾಟಕ. ನಾಲ್ಕು ವರ್ಷದ ಡಿಗ್ರಿ, ನಡುವೆ ಬಿಟ್ಟು ಮತ್ತೆ ಸೇರುವ ಅವಕಾಶ, ಗಳಿಸಿದ ಕ್ರೆಡಿಟ್ಟನ್ನು ಬ್ಯಾಂಕಿನಲ್ಲಿ ಇಟ್ಟ ಹಾಗೆ ಇಡುವ ಎಬಿಸಿ ಐಡಿ. ಕಾಗದದ ಮೇಲೆ ಅದು ಜೋಲಿಯೆಟ್ಟಿನ ಕನಸಿಗೆ ಬಹಳ ಹತ್ತಿರ. 2024ರಲ್ಲಿ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ ರಾಜ್ಯ ಅದನ್ನು ಕೈಬಿಟ್ಟು ಮೂರು ವರ್ಷದ ಡಿಗ್ರಿಗೆ ಮರಳಿತು. ಒಂದೇ ಕಾರಿಡಾರಿನಲ್ಲಿ ಅಣ್ಣನದು ಒಂದು ಪಠ್ಯಕ್ರಮ, ತಂಗಿಯದು ಇನ್ನೊಂದು. ಎಬಿಸಿ ಐಡಿ ಈಗಲೂ ಮಾಡಿಸುತ್ತಾರೆ. ಆ ಬ್ಯಾಂಕಿನಿಂದ ಕ್ರೆಡಿಟ್ಟು ಬಿಡಿಸಿಕೊಂಡು ನಡುವರ್ಷದಲ್ಲಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ಮಧುಗಿರಿಯ ಹುಡುಗನನ್ನು ನಾನಿನ್ನೂ ಕಂಡಿಲ್ಲ. ಕಿಟಕಿಯಲ್ಲಿ ಕೇಳುವುದು ಮೊದಲಿನಂತೆ ಟಿಸಿಯನ್ನೇ.

ದಾಟಿದವರು ತುಮಕೂರಿನಲ್ಲಿ ಹೇಗಿರುತ್ತಾರೆ? ಮೊದಲ ತಿಂಗಳು ಕಷ್ಟ. ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸು ಊರ ಹೊರಗಿನ ಬಿದರಕಟ್ಟೆಯಲ್ಲಿ, ಅಂದರೆ ಬಸ್‌ಸ್ಟ್ಯಾಂಡಿನಿಂದ ಮತ್ತೊಂದು ಬಸ್ಸು. ತಾಲ್ಲೂಕಿನಲ್ಲಿ ಮೇಷ್ಟರು ನೋಟ್ಸ್ ಹೇಳಿ ಬರೆಸುತ್ತಿದ್ದರು, ಇಲ್ಲಿ ಸೆಮಿನಾರು ನೀವೇ ಮಾಡಿ ಎನ್ನುತ್ತಾರೆ. ಅರ್ಥಶಾಸ್ತ್ರದ ಹುಡುಗಿಗೆ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಚೆನ್ನಾಗಿ ಗೊತ್ತು, ಅದೇ ಸಂಗತಿ ಇಂಗ್ಲಿಷಿನಲ್ಲಿ ಬಂದಾಗ ಗುರುತು ಹತ್ತಲು ಒಂದು ವಾರ ಬೇಕಾಗುತ್ತದೆ. ಗುರುತು ಹತ್ತಿದ ಮೇಲೆ ಅವಳು ಹಿಂದೆ ಬೀಳುವುದಿಲ್ಲ. ಕನ್ನಡದಲ್ಲಿ ಒಮ್ಮೆ ತಿಳಿದದ್ದು ಎಲ್ಲಿಗೂ ಹೋಗಿರುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳರ ಸುಮಾರಿಗೆ ಒಬ್ಬ ತಾಯಿ, ಮಗಳು ನಿಂತಿದ್ದರು. ಬೆಟ್ಟದ ಮೇಲಿನ ಮಂಜು ಇನ್ನೂ ಇಳಿದಿರಲಿಲ್ಲ. ಮಗಳ ಕೈಯಲ್ಲಿ ಗುಂಡಿ ಹಾಕುವ ಪ್ಲಾಸ್ಟಿಕ್ ಫೈಲು, ತಾಯಿಯ ಕೈಯಲ್ಲಿ ಬುತ್ತಿಯ ಚೀಲ. ಅಡ್ಮಿಷನ್ನಿಗೆ ಹೊರಟಿದ್ದಾರೆಂದು ನೋಡಿದೊಡನೆ ತಿಳಿಯುತ್ತಿತ್ತು. ನನ್ನ ಹೆಗಲ ಬ್ಯಾಗು, ಕನ್ನಡಕ ನೋಡಿ ಮೇಷ್ಟರೆಂದುಕೊಂಡರೋ ಏನೋ, ತಾಯಿ ಹತ್ತಿರ ಬಂದು ಕೇಳಿದರು: ‘ಸಾ, ಈ ಟಿಸಿ ಒರಿಜಿನಲ್ಲೇ ಕೊಡ್ಬೇಕಾ? ಕೊಟ್ಮೇಲೆ ವಾಪಸ್ ಕೊಡ್ತಾರಾ?’

‘ಟಿಸಿ ವಾಪಸ್ ಬರಲ್ಲ ಅಮ್ಮ, ಅವರೇ ಇಟ್ಕೊಳ್ತಾರೆ. ಅಂಕಪಟ್ಟಿ ನೋಡಿ ವಾಪಸ್ ಕೊಡ್ತಾರೆ. ಎಲ್ಲಾದ್ರದ್ದೂ ಮೂರು ಮೂರು ಜೆರಾಕ್ಸ್ ಮಾಡಿಸ್ಕೊಂಡಿದೀರಾ?’

ಮಗಳು ಫೈಲು ತೆಗೆದು ನೋಡಿದಳು. ಒಂದೊಂದೇ ಇತ್ತು. ಎದುರಿನ ಜೆರಾಕ್ಸ್ ಅಂಗಡಿಯವನು ಆಗತಾನೆ ಷಟರ್ ಎತ್ತುತ್ತಿದ್ದ. ತುಮಕೂರಿನ ಬಸ್ಸೂ ಒಳಗೆ ಬರುತ್ತಿತ್ತು. ತಾಯಿ ಬುತ್ತಿ ಚೀಲವನ್ನು ಕಿಟಕಿಯಿಂದ ಒಳಗೆಸೆದು ಎರಡು ಸೀಟು ಹಿಡಿದರು, ‘ಓಡು, ಓಡ್ಬಾ’ ಎಂದು ಮಗಳನ್ನು ಅಂಗಡಿಯ ಕಡೆಗೆ ಕಳಿಸಿದರು. ಕಂಡಕ್ಟರು ರೈಟ್ ಹೇಳಲು ಬಾಯಿ ತೆರೆದಾಗ ಬಾಗಿಲಲ್ಲಿ ಅಡ್ಡ ನಿಂತು, ‘ತಡೀ ಅಪ್ಪ, ನನ್ ಮಗ್ಳು ಬತ್ತಾ ಅವ್ಳೆ’ ಎಂದರು.